ಹೊಟ್ಟೆ ಬಂದ್ರೆ ರಕ್ತ ದಪ್ಪ ಆಗುತ್ತಾ? ಬೊಜ್ಜಿಗೂ ರಕ್ತದ ಹರಿವಿಗೂ ಇರೋ ಸಂಬಂಧ: ಗಲ್ಲಾದಲ್ಲಿ ಕೂರುವವರು ತಿಳಿದಿರಬೇಕಾದ ಮಾಹಿತಿ

ತಾಲೂಕಿನ ಯಾವ ಕ್ಲಿನಿಕ್ ಮುಂದೆ ಅರ್ಧ ಗಂಟೆ ಕೂತರೂ ಒಂದು ಮಾತು ಕಿವಿಗೆ ಬೀಳುತ್ತೆ: 'ರಕ್ತ ದಪ್ಪ ಆಗಿದೆಯಂತೆ, ತೆಳ್ಳಗೆ ಮಾಡೋ ಮಾತ್ರೆ ಕೊಟ್ಟಿದ್ದಾರೆ.' ಕೇಳಿಸಿಕೊಂಡ ಪಕ್ಕದವರು ಸಂಜೆ ಮೆಡಿಕಲ್ ಶಾಪ್‌ಗೆ ಹೋಗಿ ಅದೇ ಮಾತ್ರೆ ಕೇಳ್ತಾರೆ. ಚೀಟಿ ಇರಲ್ಲ, ಟೆಸ್ಟ್ ಮಾಡಿಸಿರಲ್ಲ. 'ನನಗೂ ಹೊಟ್ಟೆ ಬಂದಿದೆ, ನನ್ನ ರಕ್ತವೂ ದಪ್ಪ ಇರಬೇಕು' ಅನ್ನೋ ಅಂದಾಜು ಅಷ್ಟೇ.

ಅಂದಾಜಿನಲ್ಲಿ ಅರ್ಧ ಸತ್ಯ ಇದೆ. ಬೊಜ್ಜಿಗೂ ರಕ್ತ ದಪ್ಪ ಆಗೋದಕ್ಕೂ ನಿಜವಾಗಿಯೂ ಸಂಬಂಧ ಇದೆ. ಆದರೆ ಮಾತ್ರೆ ವಿಷಯದಲ್ಲಿ ಜನ ತಿಳಿದಿರೋದು ಬಹುಪಾಲು ತಪ್ಪು. ಆ ತಪ್ಪು ಜೀವಕ್ಕೆ ಕುತ್ತು ತರಬಹುದು.

ರಕ್ತ ದಪ್ಪ ಅಂದ್ರೆ ಏನು?

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪ್ಲಾಸ್ಮಾ ಎಂಬ ತಿಳಿ ಹಳದಿ ದ್ರವ. ಉಳಿದದ್ದು ಹೆಚ್ಚೂಕಮ್ಮಿ ಕೆಂಪು ರಕ್ತಕಣಗಳು. ಪ್ಲಾಸ್ಮಾದಲ್ಲಿ ಶೇ 90ರಷ್ಟು ನೀರು, ಬಾಕಿ ಪ್ರೋಟೀನ್, ಕೊಬ್ಬು, ಸಕ್ಕರೆ, ಲವಣ. ರಕ್ತ ನೀರಿಗಿಂತ ಮೂರ್ನಾಲ್ಕು ಪಟ್ಟು ಮಂದ. ಈ ಮಂದತನಕ್ಕೇ ವೈದ್ಯರು ಸ್ನಿಗ್ಧತೆ ಅಂತಾರೆ. ನೀರು, ಎಣ್ಣೆ, ಬೆಲ್ಲದ ಪಾಕ ಮೂರನ್ನೂ ಒಂದೇ ಕೊಳವೆಯಲ್ಲಿ ಬಿಟ್ಟರೆ ಹರಿಯೋ ವೇಗದಲ್ಲಿ ಕಾಣೋ ವ್ಯತ್ಯಾಸವೇ ಇದು.

ರಕ್ತಕ್ಕೆ ಒಂದು ವಿಶೇಷ ಗುಣ ಇದೆ. ವೇಗವಾಗಿ ಹರಿಯುವಾಗ ಅದು ತೆಳ್ಳಗಾಗುತ್ತೆ, ನಿಧಾನವಾದಾಗ ದಪ್ಪಗಾಗುತ್ತೆ. ನಿಧಾನವಾದಾಗ ಕೆಂಪು ಕಣಗಳು ಗಲ್ಲಾ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ನಾಣ್ಯದ ಹಾಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಹರಿವು ಜೋರಾದ ತಕ್ಷಣ ಬಿಡಿಬಿಡಿಯಾಗುತ್ತವೆ. ಅಂದ್ರೆ ರಕ್ತ ಓಡಾಡ್ತಾ ಇದ್ದಷ್ಟೂ ಸಲೀಸು. ಗಂಟೆಗಟ್ಟಲೆ ಕೂತಲ್ಲೇ ಕೂತವರ ಕಾಲಿನ ರಕ್ತನಾಳದಲ್ಲಿ ಏನಾಗುತ್ತೆ ಅನ್ನೋದಕ್ಕೆ ಇಲ್ಲೇ ಒಂದು ಸುಳಿವು ಇದೆ.

ದಪ್ಪತನ ಮುಖ್ಯವಾಗಿ ನಾಲ್ಕು ವಿಷಯಗಳ ಮೇಲೆ ನಿಂತಿದೆ: ಕೆಂಪು ಕಣಗಳ ಪ್ರಮಾಣ, ಪ್ಲಾಸ್ಮಾದಲ್ಲಿರೋ ಪ್ರೋಟೀನ್ (ಅದರಲ್ಲೂ ಫೈಬ್ರಿನೋಜೆನ್), ಕಣಗಳು ಎಷ್ಟು ಅಂಟಿಕೊಳ್ಳುತ್ತವೆ, ಮತ್ತು ಎಷ್ಟು ಬಾಗುತ್ತವೆ. ಕೆಂಪು ಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್. ಅತಿ ಸಣ್ಣ ರಕ್ತನಾಳಗಳು ಅದಕ್ಕಿಂತಲೂ ಕಿರಿದಾಗಿರುತ್ತವೆ. ಕಣ ಮೈ ಮಡಚಿಕೊಂಡೇ ಅಲ್ಲಿ ನುಸುಳಬೇಕು. ಬಿಗಿಯಾದ ಕಣ ಅಲ್ಲಿ ತಡವರಿಸುತ್ತದೆ.

ಬೊಜ್ಜು ಇಲ್ಲಿ ಏನು ಮಾಡುತ್ತೆ?

ಕೊಬ್ಬು ಅಂದ್ರೆ ಸುಮ್ಮನೆ ಗೋಡೌನಿನಲ್ಲಿ ಬಿದ್ದಿರೋ ಸ್ಟಾಕ್ ಅಂತ ಹಿಂದೆ ತಿಳಿದಿದ್ದರು. ಹಾಗಲ್ಲ. ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಕೂತಿರೋ ಕೊಬ್ಬು ಹಗಲು ರಾತ್ರಿ ರಾಸಾಯನಿಕಗಳನ್ನು ರಕ್ತಕ್ಕೆ ಬಿಡ್ತಾನೇ ಇರುತ್ತೆ. ಅದರಿಂದ ಆಗೋ ಕೆಲಸ ಹೀಗೆ:

1. ಫೈಬ್ರಿನೋಜೆನ್ ಏರುತ್ತದೆ. ಕೊಬ್ಬಿನಿಂದ ಬರೋ ಇಂಟರ್‌ಲ್ಯೂಕಿನ್-6ನಂಥ ಉರಿಯೂತದ ಸಂದೇಶಗಳು ಲಿವರ್‌ಗೆ ತಲುಪುತ್ತವೆ. ಮೈಯಲ್ಲಿ ಎಲ್ಲೋ ಗಾಯ ಆಗಿದೆ ಅಂದುಕೊಂಡ ಲಿವರ್ ಫೈಬ್ರಿನೋಜೆನ್ ಜಾಸ್ತಿ ತಯಾರಿಸುತ್ತದೆ. ಇದೇ ಪ್ರೋಟೀನ್ ಹೆಪ್ಪಿನ ಬಲೆ ನೇಯುವ ದಾರ, ಇದೇ ಕೆಂಪು ಕಣಗಳನ್ನು ಅಂಟಿಸುವ ಗೋಂದು. ಸಾಮಾನ್ಯ ಪ್ರಮಾಣ 100 ಮಿ.ಲೀ.ಗೆ 200ರಿಂದ 400 ಮಿ.ಗ್ರಾಂ. ಬೊಜ್ಜು ಇರುವವರಲ್ಲಿ ಇದು ಮೇಲಿನ ಗೆರೆಯ ಕಡೆಗೆ ಸರಿಯೋದು ಮಾಮೂಲಿ.

2. ಹೆಪ್ಪು ಕರಗೋದು ನಿಧಾನವಾಗುತ್ತದೆ. ರಕ್ತನಾಳದೊಳಗೆ ಆಗುವ ಸಣ್ಣಪುಟ್ಟ ಹೆಪ್ಪನ್ನು ಕರಗಿಸೋ ವ್ಯವಸ್ಥೆ ದೇಹದಲ್ಲೇ ಇದೆ. ಅದಕ್ಕೆ ಬ್ರೇಕ್ ಹಾಕೋ ಪದಾರ್ಥದ ಹೆಸರು ಪಿಎಐ-1. ಹೊಟ್ಟೆಯ ಕೊಬ್ಬು ಜಾಸ್ತಿಯಾದಂತೆ ಇದೂ ಜಾಸ್ತಿ. ಹೆಪ್ಪು ಆಗೋದು ಸುಲಭ, ಕರಗೋದು ಕಷ್ಟ ಅನ್ನೋ ಸ್ಥಿತಿ ಬರುತ್ತೆ.

3. ಸಕ್ಕರೆ, ಕೊಬ್ಬಿನಂಶ ಏರುತ್ತವೆ. ಬೊಜ್ಜಿನಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಸಕ್ಕರೆ ಏರಿದರೆ ಕೆಂಪು ಕಣಗಳು ಬಿಗಿಯಾಗುತ್ತವೆ. ಟ್ರೈಗ್ಲಿಸರೈಡ್ ತೀರಾ ಜಾಸ್ತಿ ಆದವರ ರಕ್ತವನ್ನು ಲ್ಯಾಬಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೇಲೆ ನಿಲ್ಲೋ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ.

4. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಕುತ್ತಿಗೆ ದಪ್ಪ ಇದ್ದು ಜೋರಾಗಿ ಗೊರಕೆ ಹೊಡೆಯೋ ಎಷ್ಟೋ ಜನರಿಗೆ ರಾತ್ರಿ ಪದೇ ಪದೇ ಉಸಿರು ನಿಂತು ಆಮ್ಲಜನಕ ಇಳಿಯುತ್ತೆ. ದೇಹ ಅದನ್ನು ತುಂಬಿಕೊಳ್ಳೋಕೆ ಕೆಂಪು ಕಣ ಹೆಚ್ಚಿಸಬಹುದು. ಎಲ್ಲರಲ್ಲೂ ಹೀಗಾಗಲ್ಲ, ಆದವರ ರಕ್ತ ಇನ್ನಷ್ಟು ಮಂದವಾಗುತ್ತದೆ.

5. ರಕ್ತನಾಳದ ಒಳಗೋಡೆ ಹಾಳಾಗುತ್ತದೆ. ಆರೋಗ್ಯವಾಗಿರೋ ಒಳಗೋಡೆ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಅಗಲ ಮಾಡಿಕೊಡುತ್ತೆ. ಬೊಜ್ಜಿನಲ್ಲಿ ಆ ಕೆಲಸ ಕುಂಟುತ್ತದೆ.

ಹಾಗಂತ ರಕ್ತ ಕೆಸರಿನ ಹಾಗೆ ಗಟ್ಟಿಯಾಗಿಬಿಡುತ್ತೆ ಅಂತ ಹೆದರೋದು ಬೇಡ. ಬರೀ ದಪ್ಪತನದ ಏರಿಕೆ ಬಹುಪಾಲು ಜನರಲ್ಲಿ ಮಿತವಾಗೇ ಇರುತ್ತೆ. ದಪ್ಪ ರಕ್ತ, ಕಿರಿದಾದ ನಾಳ, ನಿಧಾನವಾದ ಹರಿವು ಮೂರೂ ಒಂದೇ ಮೈಯಲ್ಲಿ ಸೇರಿದಾಗಲೇ ತೊಂದರೆ.

ಪೈಪಿನ ಲೆಕ್ಕ

ಹೊಲಕ್ಕೆ ಪೈಪ್ ಎಳೆಸಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. 1840ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೋಯ್ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮ ಕಂಡುಕೊಂಡರು. ಒತ್ತಡ ಅಷ್ಟೇ ಇದ್ದರೆ, ದ್ರವ ಶೇ 10ರಷ್ಟು ದಪ್ಪವಾದಾಗ ಹರಿವು ಸುಮಾರು ಶೇ 9ರಷ್ಟು ಇಳಿಯುತ್ತದೆ. ಆದರೆ ಕೊಳವೆಯ ಒಳ ಅಗಲ ಶೇ 10ರಷ್ಟು ಕಮ್ಮಿಯಾದರೆ ಹರಿವು ಶೇ 34ರಷ್ಟು ಇಳಿಯುತ್ತದೆ!

ರಕ್ತನಾಳ ಪಿವಿಸಿ ಪೈಪ್ ಅಲ್ಲ, ಹಿಗ್ಗುತ್ತೆ ಕುಗ್ಗುತ್ತೆ. ಆದರೂ ಈ ಲೆಕ್ಕ ದಾರಿ ತೋರಿಸುತ್ತೆ. ಹರಿವು ಕಮ್ಮಿ ಆಗೋಕೆ ದೇಹ ಬಿಡಲ್ಲ. ಮಿದುಳಿಗೆ, ಕಿಡ್ನಿಗೆ ರಕ್ತ ಬೇಕೇ ಬೇಕು. ಹಾಗಾಗಿ ಹೃದಯ ಒತ್ತಡ ಏರಿಸುತ್ತದೆ. ಬೋರ್‌ವೆಲ್ ಮೋಟಾರ್ ಓವರ್‌ಲೋಡ್ ಆದ ಹಾಗೆ. ಮೈ ದೊಡ್ಡದಾದಂತೆ ರಕ್ತದ ಒಟ್ಟು ಪ್ರಮಾಣವೂ ಹೆಚ್ಚುವುದರಿಂದ ಹೃದಯಕ್ಕೆ ಎರಡೂ ಕಡೆಯಿಂದ ಹೊರೆ. ಬಿಪಿ ಏರೋದು, ವರ್ಷಗಳು ಕಳೆದಂತೆ ಹೃದಯದ ಗೋಡೆ ದಪ್ಪವಾಗೋದು ಹೀಗೆ.

ಗಲ್ಲಾದಲ್ಲಿ ಕೂರುವವರ ಕಾಲು

ಬೆಳಿಗ್ಗೆ 9ಕ್ಕೆ ಶಟರ್ ಎತ್ತಿ ರಾತ್ರಿ 9ಕ್ಕೆ ಇಳಿಸೋ ಅಂಗಡಿಯವರು, ದಿನಪೂರ್ತಿ ಮಿಷನ್ ತುಳಿಯೋ ಟೈಲರ್‌ಗಳು, ಬಸ್ ಡ್ರೈವರ್‌ಗಳು, ಕಂಪ್ಯೂಟರ್ ಸೆಂಟರ್‌ನವರು ಇದನ್ನು ಗಮನವಿಟ್ಟು ಓದಬೇಕು.

ಕಾಲಿನ ರಕ್ತ ಮೇಲೆ ಹೃದಯಕ್ಕೆ ವಾಪಸ್ ಹೋಗಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ನಡೆದಾಗ ಅದು ತಾನಾಗೇ ಆಗುತ್ತೆ. ಅದಕ್ಕೇ ಮೀನಖಂಡವನ್ನು ಎರಡನೇ ಹೃದಯ ಅಂತಾರೆ. ಕೂತಲ್ಲೇ ಕೂತರೆ ಆ ಪಂಪ್ ಬಂದ್. ಅದರ ಜೊತೆಗೆ ಹೊಟ್ಟೆಯ ಬೊಜ್ಜು ಒಳಗಿಂದ ಒತ್ತಡ ಹಾಕಿ ಮೇಲೆ ಹೋಗೋ ರಕ್ತವನ್ನು ತಡೆಯುತ್ತೆ. ಸಂಜೆ ಪಾದ ಊದೋದು, ಚಪ್ಪಲಿ ಬಿಗಿಯಾಗೋದು, ಕಾಲಲ್ಲಿ ನೀಲಿ ನರ ಉಬ್ಬೋದು ಇದರ ಗುರುತು.

ಹೆಪ್ಪು ಕಟ್ಟೋಕೆ ಮೂರು ಕಾರಣ ಅಂತ ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಓದ್ತಾರೆ: ಹರಿವು ನಿಧಾನವಾಗೋದು, ನಾಳದ ಗೋಡೆ ಕೆಡೋದು, ರಕ್ತದ ಹೆಪ್ಪುಗಟ್ಟೋ ಗುಣ ಹೆಚ್ಚೋದು. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಲ್ಲಿ ಇದನ್ನು ಕರೀತಾರೆ. ಬೊಜ್ಜು ಈ ಮೂರನ್ನೂ ಮುಟ್ಟುತ್ತದೆ. ಕಾಲಿನ ಒಳನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಬೊಜ್ಜು ಇರುವವರಲ್ಲಿ ಸುಮಾರು ಎರಡು ಪಟ್ಟು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಮಾಡೋ ಪ್ರಯಾಣ, ದೊಡ್ಡ ಆಪರೇಷನ್, ಬಾಣಂತನ, ಗರ್ಭನಿರೋಧಕ ಮಾತ್ರೆ, ಬೀಡಿ ಸಿಗರೇಟು ಇವೆಲ್ಲ ಬೊಜ್ಜಿನ ಜೊತೆ ಸೇರಿದರೆ ಅಪಾಯ ಇನ್ನೂ ಏರುತ್ತೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಮಾಲು ತರೋಕೆ ಹೋಗೋ ವ್ಯಾಪಾರಿಗಳು ಊಟಕ್ಕೆ ನಿಲ್ಲಿಸಿದಾಗ ಸೀಟಲ್ಲೇ ಮಲಗದೆ ಇಳಿದು ಹತ್ತು ಹೆಜ್ಜೆ ಓಡಾಡೋದು ಒಳ್ಳೇದು.

'ನಾನು ದಪ್ಪ ಇಲ್ಲ, ಹೊಟ್ಟೆ ಮಾತ್ರ ಇದೆ'

ಈ ಮಾತು ನಮ್ಮ ಕಡೆ ತುಂಬಾ. ಆದರೆ ಹೊಟ್ಟೆಯೇ ಮುಖ್ಯ ವಿಷಯ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯಡ್ಕಿನ್ ತಮ್ಮದೇ ಮೈ ಅಳೆದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಬ್ರಿಟಿಷ್ ವೈದ್ಯರ ಮೈಯಲ್ಲಿ ಕೊಬ್ಬು ಶೇ 9.1, ಭಾರತದ ವೈದ್ಯರಲ್ಲಿ ಶೇ 21.2. ತೂಕದ ಯಂತ್ರ ಇಬ್ಬರಿಗೂ ಒಂದೇ ಉತ್ತರ ಹೇಳಿತ್ತು, ಒಳಗಿನ ಕಥೆ ಬೇರೆ ಇತ್ತು.

ಅದಕ್ಕೇ ಭಾರತೀಯರಿಗೆ ಅಳತೆ ಬಿಗಿ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗೆ ಇರಬೇಕು.

ಬಿಎಂಐ ಲೆಕ್ಕ ಸುಲಭ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. ಎತ್ತರ 1.65 ಮೀಟರ್, ತೂಕ 78 ಕೆ.ಜಿ. ಇದ್ದರೆ ಬರೋದು 28.65. ಸೊಂಟ ಅಳೆಯುವಾಗ ಪ್ಯಾಂಟ್ ಸೈಜ್ ನಂಬಬೇಡಿ, ಪ್ಯಾಂಟ್ ಹೊಟ್ಟೆ ಕೆಳಗೆ ಕೂತಿರುತ್ತೆ. ಕೊನೇ ಪಕ್ಕೆಲುಬು ಮತ್ತು ಸೊಂಟದ ಮೂಳೆ ಇವೆರಡರ ನಡುವೆ, ಉಸಿರು ಬಿಟ್ಟು, ಟೇಪ್ ಸುತ್ತಿ. ಟೈಲರ್ ಅಂಗಡಿಯ ಟೇಪ್ ಸಾಕು.

ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಲ್ಲಿ ದೊಡ್ಡವರಲ್ಲಿ ಶೇ 28.6 ಜನರಿಗೆ ಬೊಜ್ಜು, ಶೇ 39.5 ಜನರಿಗೆ ಹೊಟ್ಟೆಯ ಬೊಜ್ಜು ಕಂಡಿತ್ತು. ಅಂದ್ರೆ ಸಂತೆಯಲ್ಲಿ ಸಿಗೋ ಹತ್ತು ಜನರಲ್ಲಿ ಹೆಚ್ಚೂಕಮ್ಮಿ ನಾಲ್ವರಿಗೆ ಈ ವಿಷಯ ಸಂಬಂಧಪಟ್ಟದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಕರ್ನಾಟಕದಲ್ಲಿ ಗಂಡಸರು, ಹೆಂಗಸರು ಇಬ್ಬರಲ್ಲೂ ಸುಮಾರು ಶೇ 30ರಷ್ಟು ಜನರ ತೂಕ ಮಿತಿಗಿಂತ ಹೆಚ್ಚು. ಆ ಸಮೀಕ್ಷೆ ಬಿಎಂಐ 25ರಿಂದ ಲೆಕ್ಕ ಹಾಕಿದ್ದು.

'ತೆಳ್ಳಗೆ ಮಾಡೋ ಮಾತ್ರೆ' ಎಂಬ ತಪ್ಪು

ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಇವು ಯಾವುವೂ ರಕ್ತವನ್ನು ನೀರು ಬೆರೆಸಿದ ಹಾಗೆ ತೆಳ್ಳಗೆ ಮಾಡಲ್ಲ. ಹೆಪ್ಪುಗಟ್ಟೋ ಗುಣವನ್ನು ತಗ್ಗಿಸುತ್ತವೆ ಅಷ್ಟೇ. ಬೊಜ್ಜಿನಿಂದ ಏರಿದ ಫೈಬ್ರಿನೋಜೆನ್, ಸಕ್ಕರೆ, ಕೊಬ್ಬು ಇವುಗಳಿಂದ ಇಳಿಯಲ್ಲ.

ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಮಾತ್ರೆಗಳು ಜೀವರಕ್ಷಕ. ಅವರು ಯಾರೋ ಹೇಳಿದರು ಅಂತ ನಿಲ್ಲಿಸಬಾರದು. ಆದರೆ ಏನೂ ಆಗದವರು ತಾವಾಗೇ ಶುರು ಮಾಡಿದರೆ ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವ ಆಗೋ ಅಪಾಯ ಇದೆ. ಹೃದಯರೋಗ ಇಲ್ಲದ 60 ವರ್ಷ ದಾಟಿದವರು ಮುನ್ನೆಚ್ಚರಿಕೆಗೆಂದು ಹೊಸದಾಗಿ ಆಸ್ಪಿರಿನ್ ಶುರು ಮಾಡೋದು ಬೇಡ ಅಂತ ಅಮೆರಿಕದ ತಜ್ಞರ ಸಮಿತಿ 2022ರಲ್ಲೇ ಹೇಳಿದೆ.

ಇನ್ನೊಂದು ಅಪಾಯ: ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದ ಹಾಗೆ ಕಂಡರೆ ತಕ್ಷಣ ಆಸ್ಪಿರಿನ್ ನುಂಗಿಸಬೇಡಿ. ಲಕ್ವ ಹೆಪ್ಪಿನಿಂದಲೂ ಆಗುತ್ತೆ, ಮಿದುಳಲ್ಲಿ ರಕ್ತ ಸೋರಿಯೂ ಆಗುತ್ತೆ. ಯಾವುದು ಅಂತ ಸ್ಕ್ಯಾನ್ ಮಾತ್ರ ಹೇಳಬಲ್ಲದು. ಸೋರಿದ್ದಕ್ಕೆ ಆಸ್ಪಿರಿನ್ ಕೊಟ್ಟರೆ ಉರಿಯೋ ಬೆಂಕಿಗೆ ತುಪ್ಪ ಹೊಯ್ದ ಹಾಗೆ.

ಜನ ಕೇಳೋ ಬೇರೆ ಪ್ರಶ್ನೆಗಳು

ದಪ್ಪ ಇರೋರಿಗೆ ರಕ್ತ ಚೆನ್ನಾಗಿರುತ್ತೆ ಅಲ್ವಾ? ಇಲ್ಲ. ಬೊಜ್ಜು ಇದ್ದೂ ರಕ್ತಹೀನತೆ ಇರೋರು ಬೇಕಾದಷ್ಟು ಜನ, ಅದರಲ್ಲೂ ಹೆಂಗಸರು. ಬೊಜ್ಜಿನ ಉರಿಯೂತ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿಸಿ, ತಿಂದ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತೆ. ಮೈ ತುಂಬಿಕೊಂಡಿದೆ ಅಂತ ಸುಸ್ತನ್ನು ಕಡೆಗಣಿಸಬಾರದು.

ಜಾಸ್ತಿ ನೀರು ಕುಡಿದರೆ ರಕ್ತ ತೆಳ್ಳಗಾಗುತ್ತಾ? ನೀರು ಕಮ್ಮಿಯಾದರೆ ರಕ್ತ ಮಂದವಾಗೋದು ನಿಜ. ಬೇಸಿಗೆಯಲ್ಲಿ, ವಾಂತಿ ಭೇದಿಯಲ್ಲಿ ಎಚ್ಚರ ಬೇಕು. ಆದರೆ ಸಾಕಷ್ಟು ಕುಡಿಯೋರು ಇನ್ನೂ ನಾಲ್ಕು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೋಗುತ್ತೆ ಅಷ್ಟೇ. ಕಿಡ್ನಿ, ಹೃದಯದ ತೊಂದರೆ ಇರೋರು ಡಾಕ್ಟರ್ ಹೇಳಿದ ಅಳತೆ ಮೀರಬಾರದು.

ಬೆಳ್ಳುಳ್ಳಿ, ಜೇನು, ನಿಂಬೆರಸ? ಅಡುಗೆಗೆ ಒಳ್ಳೇದು. ಔಷಧಿಗೆ ಬದಲಿ ಅಲ್ಲ. ವಾರ್ಫರಿನ್ ತಗೊಳ್ಳೋರು ಸೊಪ್ಪು ತಿನ್ನೋ ಪ್ರಮಾಣವನ್ನು ಒಮ್ಮೆಲೇ ಬದಲಿಸಬಾರದು, ಮಾತ್ರೆಯ ಲೆಕ್ಕ ತಪ್ಪುತ್ತೆ.

ರಕ್ತ ಕೊಟ್ಟರೆ ಬೊಜ್ಜಿನ ತೊಂದರೆ ಕಮ್ಮಿಯಾಗುತ್ತಾ? ರಕ್ತದಾನ ಪುಣ್ಯದ ಕೆಲಸ, ಬೊಜ್ಜಿಗೆ ಚಿಕಿತ್ಸೆ ಅಲ್ಲ.

ಯಾವ ಟೆಸ್ಟ್ ಮಾಡಿಸಬೇಕು?

ರಕ್ತದ ದಪ್ಪತನವನ್ನೇ ಅಳೆಯೋ ಟೆಸ್ಟ್ ಸಾಮಾನ್ಯ ಜನರಿಗೆ ಬೇಕಾಗಲ್ಲ, ಸಣ್ಣ ಲ್ಯಾಬ್‌ಗಳಲ್ಲಿ ಮಾಡೋದೂ ಇಲ್ಲ. ಬೇಕಾದ್ದು ಇಷ್ಟು: ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಟೆಸ್ಟ್ (ಟ್ರೈಗ್ಲಿಸರೈಡ್ 150 ಮಿ.ಗ್ರಾಂ ಒಳಗಿರಬೇಕು), ಮತ್ತು ಸಿಬಿಸಿ. ಸಿಬಿಸಿ ರಿಪೋರ್ಟಿನಲ್ಲಿ ಪಿಸಿವಿ ಅಂತ ಬರೆದಿರೋದೇ ಕೆಂಪು ಕಣಗಳ ಪ್ರಮಾಣ.

ಇಎಸ್‌ಆರ್ ಅನ್ನೋ ಹಳೇ ಟೆಸ್ಟ್ ಎಲ್ಲಾ ಲ್ಯಾಬಲ್ಲೂ ಇದೆ. ಕೊಳವೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆಯಲ್ಲಿ ಕಣಗಳು ಎಷ್ಟು ಮಿ.ಮೀ. ಕೆಳಗಿಳಿದವು ಅಂತ ನೋಡ್ತಾರೆ. ಫೈಬ್ರಿನೋಜೆನ್ ಜಾಸ್ತಿ ಇದ್ದರೆ ಕಣಗಳು ನಾಣ್ಯದ ಹಾಗೆ ಅಂಟಿ ಬೇಗ ಇಳಿಯುತ್ತವೆ. ಬೊಜ್ಜು ಇರೋರಲ್ಲಿ ಇದು ಸ್ವಲ್ಪ ಏರಿರಬಹುದು. ಆದರೆ ಸೋಂಕು, ಕ್ಷಯ, ರಕ್ತಹೀನತೆಯಲ್ಲೂ ಏರುತ್ತೆ, ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನ ಬೇಡ.

30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಏನು ಮಾಡಬಹುದು?

ಒಳ್ಳೇ ಸುದ್ದಿ ಏನಂದ್ರೆ, ಸಿನಿಮಾ ಹೀರೋ ಥರ ಆಗಬೇಕಿಲ್ಲ. ತೂಕದಲ್ಲಿ ಶೇ 5ರಿಂದ 10 ಇಳಿದರೂ ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್ ಇಳಿಯುತ್ತವೆ, ಹೆಪ್ಪು ಕರಗಿಸೋದಕ್ಕೆ ಬ್ರೇಕ್ ಹಾಕೋ ಪಿಎಐ-1 ಕೂಡ ತಗ್ಗುತ್ತೆ. 80 ಕೆ.ಜಿ. ಇರೋರಿಗೆ ಶೇ 5 ಅಂದ್ರೆ 4 ಕೆ.ಜಿ. ಅಷ್ಟೇ.

- ವಾರಕ್ಕೆ 150 ನಿಮಿಷ ಚುರುಕು ನಡಿಗೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಶಟರ್ ಎತ್ತೋ ಮುಂಚೆ 15, ಇಳಿಸಿದ ಮೇಲೆ 15 ನಿಮಿಷ ಮಾಡಿದರೂ ಲೆಕ್ಕ ಸರಿ.
- ಗಲ್ಲಾದಲ್ಲಿ ಗಂಟೆಗೊಮ್ಮೆ ಎದ್ದು ನಿಲ್ಲಿ. ಮಾಲು ತೆಗೆಯೋಕೆ ಪ್ರತೀ ಸಲ ಹುಡುಗನ್ನ ಕೂಗಬೇಡಿ. ಏಳೋಕೆ ಆಗದಿದ್ದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, 20 ಸಲ.
- ಮುದ್ದೆಯೋ ರೊಟ್ಟಿಯೋ ಅನ್ನವೋ, ಒಂದು ತುತ್ತು ಕಮ್ಮಿ ಮಾಡಿ ಕಾಳು, ತರಕಾರಿ ಪಲ್ಯ ಒಂದು ಸೌಟು ಜಾಸ್ತಿ ಹಾಕಿಕೊಳ್ಳಿ.
- ಸಂಜೆ ಮಿರ್ಚಿ ಬಜ್ಜಿ ವಾರಕ್ಕೊಂದು ಸಲಕ್ಕೆ ಇಳಿಸಿ. ಗಿರಾಕಿ ಬಂದಾಗಲೆಲ್ಲ ಕುಡಿಯೋ ಟೀಯಲ್ಲಿ ಸಕ್ಕರೆ ಲೆಕ್ಕ ಹಾಕಿ, ದಿನಕ್ಕೆ ಎಂಟು ಟೀ ಆದ್ರೆ ಎಂಟು ಸಲ ಸಕ್ಕರೆ.
- ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚ.
- ಬೀಡಿ ಸಿಗರೇಟು ಬಿಡಿ. ಹೊಗೆ ಫೈಬ್ರಿನೋಜೆನ್ನೂ ಏರಿಸುತ್ತೆ, ಕೆಂಪು ಕಣವನ್ನೂ ಏರಿಸುತ್ತೆ.
- ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲೋದು, ಹಗಲು ಅಂಗಡಿಯಲ್ಲಿ ತೂಕಡಿಕೆ ಇದ್ದರೆ ಡಾಕ್ಟರ್‌ಗೆ ಹೇಳಿ.

ತಡ ಮಾಡಬಾರದ ಲಕ್ಷಣಗಳು

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋವು ಬಂದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ಚುಚ್ಚಿದರೆ ತಕ್ಷಣ ಆಸ್ಪತ್ರೆ.

ಎದೆಯಲ್ಲಿ ಭಾರ, ಎಡಗೈಗೆ ಅಥವಾ ದವಡೆಗೆ ಹರಿಯೋ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ. 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ನೋವು ಬಂದ ಮೇಲೆ ವಿಚಾರಿಸೋಕೆ ಪುರುಸೊತ್ತು ಇರಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತೋಕೆ ಆಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಹೆಪ್ಪಿನಿಂದ ಆದ ಲಕ್ವಕ್ಕೆ ಕರಗಿಸೋ ಇಂಜೆಕ್ಷನ್ ಕೊಡೋಕೆ ಸಿಗೋದು ನಾಲ್ಕೂವರೆ ಗಂಟೆ ಮಾತ್ರ. ಸ್ಕ್ಯಾನ್ ಇರೋ ಆಸ್ಪತ್ರೆಗೇ ನೇರ ಹೋಗಬೇಕು. ಫೋನ್ ಮಾಡಬೇಕಾದ ನಂಬರ್ 108.

ಗಲ್ಲಾ ಪೆಟ್ಟಿಗೆಗೆ ದಿನಾ ರಾತ್ರಿ ಲೆಕ್ಕ ಹಾಕೋ ಅಂಗಡಿಯವರು ತಿಂಗಳಿಗೊಂದು ಸಲ ಸೊಂಟಕ್ಕೂ ಟೇಪ್ ಹಿಡಿದು ಕ್ಯಾಲೆಂಡರ್ ಮೇಲೆ ಬರೆದಿಟ್ಟರೆ ಸಾಕು. ಅಂಕಿ ಏರ್ತಿದೆಯೋ ಇಳೀತಿದೆಯೋ ಅನ್ನೋದು ಅಲ್ಲೇ ಗೊತ್ತಾಗುತ್ತೆ.